ಐದು ನಿಮಿಷದ ಸೆಮಿನಾರ್‌ಗೆ ಹೃದಯದ ಚಿತ್ರ: ಯಾವ ಭಾಗಕ್ಕೆ ಹೆಸರು ಬರೆಯಬೇಕು?

ಪರೀಕ್ಷೆಯಲ್ಲಿ ಗುರುತಿಸಿದ ಭಾಗಗಳಿಗೆ ಅಂಕ ಸಿಗುತ್ತದೆ. ಅದೇ ರೂಢಿಯಲ್ಲಿ ಸ್ಲೈಡಿಗೂ ನಾಲ್ಕು ಕೋಣೆ (ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ), ನಾಲ್ಕು ಕವಾಟ, ಎಲ್ಲ ರಕ್ತನಾಳಗಳ ಹೆಸರು ತುಂಬಿದರೆ ಎದುರಿಗಿರುವವರು ಓದುತ್ತಾ ಕೂರುತ್ತಾರೆ, ನಿಮ್ಮ ಮಾತು ಕಿವಿಗೆ ಬೀಳುವುದಿಲ್ಲ. ಐದು ನಿಮಿಷಕ್ಕೆ ಐದಾರು ಹೆಸರು ಸಾಕು.

ಮೊದಲು, ಚಿತ್ರದಿಂದ ಏನು ಮನದಟ್ಟಾಗಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಉದಾಹರಣೆಗೆ: ‘ಬಲ ಹೃತ್ಕುಕ್ಷಿ ಪಕ್ಕದ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು, ಎಡ ಹೃತ್ಕುಕ್ಷಿ ಇಡೀ ದೇಹಕ್ಕೆ ತಳ್ಳಬೇಕು, ಅದಕ್ಕೇ ಅದರ ಗೋಡೆ ದಪ್ಪ.’ ಇದಕ್ಕೆ ಬೇಕಾದದ್ದು ಎರಡು ಹೃತ್ಕುಕ್ಷಿ, ಎಡಗೋಡೆ, ರಕ್ತ ಹೊರಡುವ ಮಹಾಅಪಧಮನಿ ಮತ್ತು ಶ್ವಾಸಕೋಶದ ಅಪಧಮನಿ. ಐದಾಯಿತು. ಹೃತ್ಕರ್ಣ, ಕವಾಟಗಳನ್ನು ಅಳಿಸಬೇಡಿ; ತಿಳಿಬೂದು ಬಣ್ಣದಲ್ಲಿ ಹೆಸರಿಲ್ಲದೆ ಬಿಡಿ. ಜಾಗ ಉಳಿದರೆ ಇನ್ನೊಂದು ಹೆಸರಿನ ಬದಲು ಸಂಕೋಚನದ ಹೊತ್ತಿನ ಒತ್ತಡವನ್ನು ಬರೆಯಿರಿ: ಎಡಕ್ಕೆ ಸುಮಾರು 120, ಬಲಕ್ಕೆ ಸುಮಾರು 25 ಮಿ.ಮೀ. ಪಾದರಸ. ಗೋಡೆ ಏಕೆ ದಪ್ಪ ಎಂಬುದನ್ನು ಆ ಎರಡು ಅಂಕಿಗಳೇ ಹೇಳುತ್ತವೆ.

ವಿಷಯ ಹೃದಯ ಬಡಿತದ ‘ಲಬ್-ಡಬ್’ ಸದ್ದಾಗಿದ್ದರೆ ಪಟ್ಟಿ ಪೂರ್ತಿ ಬೇರೆ, ಆ ಸದ್ದು ಬರುವುದು ಕವಾಟಗಳು ಮುಚ್ಚುವಾಗ. ‘ಲಬ್’ಗೆ ದ್ವಿದಳ, ತ್ರಿದಳ ಕವಾಟಗಳು, ‘ಡಬ್’ಗೆ ಅಪಧಮನಿಗಳ ಬುಡದ ಎರಡು ಅರ್ಧಚಂದ್ರಾಕಾರದ ಕವಾಟಗಳು. ಅಲ್ಲಿ ಗೋಡೆಯ ದಪ್ಪಕ್ಕೆ ಕೆಲಸವಿಲ್ಲ.

ಹೆಚ್ಚು ಎಡವಟ್ಟಾಗುವುದು ಎಡ-ಬಲದಲ್ಲಿ. ಹೃದಯವನ್ನು ಎದುರಿನಿಂದ ನೋಡಿದಂತೆ ಬರೆಯುವುದರಿಂದ ಅದರ ಎಡಭಾಗ ನೋಡುವವರ ಬಲಗೈ ಕಡೆಗೆ ಬರುತ್ತದೆ. ಇದನ್ನು ಮೊದಲ ಅರ್ಧ ನಿಮಿಷದಲ್ಲೇ ಹೇಳಿಬಿಡಿ. ಶ್ವಾಸಕೋಶದ ಅಪಧಮನಿಗೆ ನೀಲಿ ಬಣ್ಣವೇ ಸರಿ: ಅಪಧಮನಿಯಾದರೂ ಅದರಲ್ಲಿ ಹರಿಯುವುದು ಆಕ್ಸಿಜನ್ ಕಡಿಮೆಯಿರುವ ರಕ್ತ.

ಗೆರೆಯ ತುದಿ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಿ. ‘ಎಡಗೋಡೆ’ಯ ಗೆರೆ ಸ್ನಾಯುವಿನ ಮೇಲೆ, ‘ಎಡ ಹೃತ್ಕುಕ್ಷಿ’ಯ ಗೆರೆ ಒಳಗಿನ ಖಾಲಿ ಜಾಗದಲ್ಲಿ ಒಂದು ಚುಕ್ಕೆಯಿಂದ ಮುಗಿಯಲಿ. ಗೆರೆಗಳು ಒಂದನ್ನೊಂದು ದಾಟಬಾರದು. ಅಕ್ಷರ 28 ಪಾಯಿಂಟಿಗಿಂತ ಸಣ್ಣದು ಬೇಡ. ‘ಹೃತ್ಕುಕ್ಷಿ’ಯ ಒತ್ತಕ್ಷರಗಳು ಹಿಂದಿನ ಬೆಂಚಿಗೆ ಮಸುಕಾಗುತ್ತವೆ, ಸಾಲುಗಳ ಅಂತರ ಕಡಿಮೆಯಿದ್ದರೆ ಕೆಳಗಿನ ಸಾಲಿಗೆ ತಗಲುತ್ತವೆ.

ಕೊನೆಗೆ, ವಿಷಯ ಗೊತ್ತಿಲ್ಲದ ಗೆಳೆಯರೊಬ್ಬರಿಗೆ ಸ್ಲೈಡನ್ನು 10 ಸೆಕೆಂಡ್ ತೋರಿಸಿ ಮುಚ್ಚಿ, ನೆನಪಿರುವ ಹೆಸರುಗಳನ್ನು ಕೇಳಿ. ಎಡ ಹೃತ್ಕುಕ್ಷಿ ಬರಲಿಲ್ಲವೆಂದರೆ ಅದನ್ನು ಇನ್ನಷ್ಟು ದೊಡ್ಡದು ಮಾಡುವ ಮೊದಲು ಉಳಿದವುಗಳಲ್ಲಿ ಒಂದನ್ನು ತೆಗೆದು ನೋಡಿ.