ಅಷ್ಟಮಿ ನೋಡಿ ಟಿಕೆಟ್ ಮಾಡಿದೆ

ಅಂಡಮಾನಿಗೆ ಹೋಗಬೇಕೆಂದು ಕೂತಾಗ ನನ್ನ ಲಾಗ್‌ಬುಕ್ಕಿನಲ್ಲಿ ಇದ್ದದ್ದು ಆರೇ ಸ್ಕೂಬಾ ಡೈವ್. ಎಲ್ಲವೂ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಪಕ್ಕ ಮಾಡಿದ್ದು. ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸಿನವು ನಾಲ್ಕು, ಮರುದಿನ ಇನ್ನೆರಡು. ಆಮೇಲೆ ಹದಿನಾಲ್ಕು ತಿಂಗಳು ನೀರಿಗೇ ಇಳಿದಿರಲಿಲ್ಲ.

ಹ್ಯಾವ್ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ ಎಲ್ಲೆಲ್ಲಿ ಮುಳುಗಬೇಕೆಂಬ ನನ್ನ ಪಟ್ಟಿಯಲ್ಲಿ ಮೊದಲು ಬರೆದದ್ದು ಡಿಕ್ಸನ್ಸ್ ಪಿನಾಕಲ್ ಎಂಬ ನೀರಿನೊಳಗಿನ ಬಂಡೆ. ಫೋಟೋ ನೋಡಿಯೇ ಮನಸೋತಿದ್ದೆ. ಫೋನಿನಲ್ಲಿ ಡೈವ್ ಸೆಂಟರಿನವರು ಕೇಳಿದ್ದು ಎರಡೇ ಮಾತು: "ಒಟ್ಟು ಎಷ್ಟು ಡೈವ್ ಆಗಿದೆ ಸರ್? ಕೊನೆಯದು ಯಾವಾಗ?" ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಬಂಡೆಯ ನೆತ್ತಿ ಇರುವುದೇ ಸುಮಾರು 18 ಮೀಟರ್ ಆಳದಲ್ಲಿ. ಓಪನ್ ವಾಟರ್ ಮಾಡಿದವರ ಮಿತಿ ಮುಗಿಯುವುದೂ ಅಲ್ಲೇ. ಹೆಸರು ಹೊಡೆದುಹಾಕಿದೆ. ಬೇಸರವಾಯಿತು, ಆದರೆ ಎರಡು ಡೈವ್ ಸೇರಿಸಿ ಸುಳ್ಳು ಹೇಳಿದ್ದರೆ ನನ್ನ ಜೊತೆ ಇಳಿಯುವವರಿಗೂ ಅಪಾಯ.

ದಿನ ಗೊತ್ತುಮಾಡಿದ್ದು ಮನೆಯ ಗೋಡೆಯ ಕ್ಯಾಲೆಂಡರ್ ನೋಡಿ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಉಬ್ಬರ ಇಳಿತ ಹೆಚ್ಚು, ನೀರಿನ ಸೆಳೆತವೂ ಹೆಚ್ಚು. ಹೊಸಬರಿಗೆ ಸೆಳೆತದಲ್ಲಿ ಈಜುವುದೇ ಒಂದು ಕೆಲಸವಾಗಿಬಿಡುತ್ತದೆ. ಹಾಗಾಗಿ ಅವೆರಡರ ನಡುವೆ ಬರುವ ಅಷ್ಟಮಿಯನ್ನು ಫೆಬ್ರವರಿಯಲ್ಲಿ ಹುಡುಕಿ, ಅಲ್ಲಿಂದ ಮುಂದಿನ ನಾಲ್ಕು ದಿನ ಹಿಡಿದೆ. ಅದರಲ್ಲಿ ಒಂದು ದಿನ ಬೇಕೆಂದೇ ಖಾಲಿ. ನೆಗಡಿಯಾಗಿ ಮೂಗು ಕಟ್ಟಿದರೆ ಕಿವಿಯ ಒತ್ತಡ ಸರಿಹೋಗುವುದಿಲ್ಲ, ಅವತ್ತು ಇಳಿಯುವಂತಿಲ್ಲ.

ಸ್ವಂತಕ್ಕೆ ಕೊಂಡದ್ದು ಮಾಸ್ಕ್ ಒಂದೇ. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದು ಕೈಬಿಟ್ಟಾಗ ಬೀಳದೆ ನಿಂತದ್ದನ್ನು ಆರಿಸಿಕೊಂಡೆ.

ಮೊದಲ ದಿನ ದೋಣಿ ಬೇಡವೆಂದು ಮೊದಲೇ ಹೇಳಿದ್ದೆ. ದಡದಿಂದ ನಡೆದೇ ಇಳಿಯುವ ನೀಮೋ ರೀಫಿನಲ್ಲಿ ರಿಫ್ರೆಶರ್, ಅಂದರೆ ಕಲಿತದ್ದನ್ನು ನೆನಪು ಮಾಡಿಕೊಳ್ಳುವ ಡೈವ್. ಮೂರು ಮೀಟರಿಗೇ ಎಡಗಿವಿ ಬಿಗಿಯಿತು. ಅಂಗೈ ಅಲ್ಲಾಡಿಸಿ ಕಿವಿ ತೋರಿಸಿದೆ. ಇನ್‌ಸ್ಟ್ರಕ್ಟರ್ ಒಂದು ಮೀಟರ್ ಮೇಲೆ ಕರೆದುಕೊಂಡು ಬಂದು, ಮೂಗು ಹಿಡಿದು ಮೆಲ್ಲಗೆ ಊದುವಂತೆ ಸನ್ನೆ ಮಾಡಿದರು. ಟಿಕ್ ಎಂದು ಬಿಟ್ಟಿತು. ಅದು ಸರಿ, ಆದರೆ ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಗೇಜು? 200 ಬಾರ್‌ನಿಂದ ಶುರುಮಾಡಿದವನು ಅರ್ಧ ಗಂಟೆಗೇ 80ಕ್ಕೆ ಇಳಿದಿದ್ದೆ. ಅವರದರಲ್ಲಿ ಇನ್ನೂ 140.

ಮೇಲೆ ಬಂದ ಮೇಲೆ ಕಾರಣ ಗೊತ್ತಾಯಿತು. ಮುಳುಗಲೆಂದು ಸೊಂಟಕ್ಕೆ ಕಟ್ಟಿದ ಸೀಸ ಜಾಸ್ತಿ. ಭಾರ ಹೆಚ್ಚಾದರೆ ಅದನ್ನು ಸರಿದೂಗಿಸಲು ಜಾಕೆಟ್ಟಿಗೆ ಗಾಳಿ ತುಂಬುತ್ತೇವೆ, ಕಾಲು ಕೆಳಗೆ ಜೋತು ಮೈ ಓರೆಯಾಗುತ್ತದೆ, ಒದ್ದಷ್ಟೂ ಏದುಸಿರು. ಎರಡು ಕಿಲೋ ತೆಗೆಸಿದರು. ಮರುದಿನ ಲೈಟ್‌ಹೌಸ್ ಎಂಬ ಜಾಗದಲ್ಲಿ ಮೈ ಅಡ್ಡಲಾಗಿ ತೇಲಿತು. ಸುರಕ್ಷತೆಗೆಂದು ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು ಮೇಲೆ ಬಂದಾಗ ನಲವತ್ತೆಂಟು ನಿಮಿಷ ಕಳೆದಿತ್ತು, ಗೇಜಿನಲ್ಲಿ ಇನ್ನೂ 60. ಪ್ರವಾಸದ ಮೊದಲ ಡೈವ್ ಸುಲಭದ್ದಿರಲಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ವಾಪಸ್ ವಿಮಾನದ ಟಿಕೆಟ್ಟನ್ನು ಕೊನೆಯ ಡೈವ್ ಮುಗಿದು ಪೂರ್ತಿ ಒಂದು ದಿನ ಬಿಟ್ಟು ಮಾಡಿದ್ದೆ. ದಿನಗಟ್ಟಲೆ ಮುಳುಗಿದ ಮೇಲೆ ಮೈಯಲ್ಲಿ ಉಳಿದ ನೈಟ್ರೋಜನ್ ಹೊರಹೋಗಲು ಕನಿಷ್ಠ 18 ಗಂಟೆ ಬಿಡಬೇಕು. ಆ ದಿನ ಶ್ರೀ ವಿಜಯ ಪುರಂಗೆ, ಅಂದರೆ ಹಿಂದಿನ ಪೋರ್ಟ್ ಬ್ಲೇರ್‌ಗೆ ಫೆರಿ ಹಿಡಿದು, ಸಂಜೆ ಸೆಲ್ಯುಲಾರ್ ಜೈಲು ನೋಡಿಬಂದೆ.