ಕಪ್ಪು ಬೋರ್ಡಿನ ಮೇಲೆ ನನ್ನದೇ ಮೂರು ಬೆರಳು

ಕಪ್ಪು ಬಿಳುಪು ಫೋಟೊ, ಅದಕ್ಕೆ ಕಪ್ಪು ಮೌಂಟ್, ಅಂದರೆ ಫ್ರೇಮಿನೊಳಗೆ ಫೋಟೊದ ಸುತ್ತ ಕೂರಿಸುವ ದಪ್ಪ ಕಾಗದದ ಬೋರ್ಡ್. ಫೋಟೊ ಕಾಣಲು ಅದರ ನಡುವಿನ ಕಿಟಕಿ ಚೆನ್ನಾಗಿಯೇ ಕಟ್ ಆಗಿತ್ತು. ಗಾಜು ಕೂರಿಸಿ, ಹಿಂಬದಿ ಮುಚ್ಚಿ, ಟೇಪ್ ಹಾಕಿ, ಗೋಡೆಗೆ ಒರಗಿಸಿ ನೋಡಿದೆ. ಕೆಳಗೆ ಬಲಮೂಲೆಯಲ್ಲಿ ಮೂರು ಬೆರಳಿನ ಗುರುತು. ನೇರ ನಿಂತರೆ ಏನೂ ಇಲ್ಲ, ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಮಿರಮಿರ ಅನ್ನುತ್ತಿವೆ. ಮಾಡಿದ್ದೆಲ್ಲ ಬಿಚ್ಚಬೇಕಾಯಿತು.

ಬಿಚ್ಚಿ ರಬ್ಬರ್ ತಗೊಂಡು ಉಜ್ಜಿದೆ ನೋಡಿ, ಅದು ಇನ್ನೂ ದೊಡ್ಡ ತಪ್ಪು. ಬೆರಳಿನ ಗುರುತು ಹೋಯಿತು, ಆ ಜಾಗದಲ್ಲಿ ಅಂಗೈಯಗಲ ಹೊಳೆಯುವ ಮಚ್ಚೆ ಬಂತು!

ಆಮೇಲೆ ಒಂದು ತುಂಡನ್ನು ಭೂತಗನ್ನಡಿ ಇಟ್ಟು ನೋಡಿದಾಗ ವಿಷಯ ಅರ್ಥವಾಯಿತು. ಬೋರ್ಡಿನ ಮೇಲ್ಪದರ ಬರೀ ಕಾಗದ, ತುಂಬ ಸಣ್ಣ ನಾರು. ನಾರು ಎದ್ದಿದ್ದರೆ ಬೆಳಕು ಚದುರಿ ಬಣ್ಣ ಮಂಕಾಗಿ, ಒಂದೇ ಸಮನಾಗಿ ಕಾಣುತ್ತದೆ. ಒತ್ತಿದರೆ, ಉಜ್ಜಿದರೆ ನಾರು ಮಲಗಿಬಿಡುತ್ತದೆ, ಅಲ್ಲಿ ಹೊಳಪು ಬರುತ್ತದೆ. ಬಿಳಿ ಬೋರ್ಡಿನಲ್ಲೂ ಇದೇ ಆಗುತ್ತದೆ, ಆದರೆ ಅಷ್ಟಾಗಿ ಕಾಣುವುದಿಲ್ಲ. ಕಪ್ಪು, ಕಡುನೀಲಿ, ಕಡುಗೆಂಪಿನಲ್ಲಿ ಮುಚ್ಚಿಡೋಕೆ ಆಗಲ್ಲ. ಕೈಯ ಜಿಡ್ಡು ಸೇರಿದರಂತೂ ಕೇಳಬೇಡಿ. ಅಂದರೆ ನಾನು ಅಳಿಸಲು ಹೊರಟಿದ್ದು ಬರೀ ಕೊಳೆಯನ್ನಲ್ಲ.

ಈಗ ಗಾಢ ಬಣ್ಣದ ಬೋರ್ಡ್ ಎತ್ತುವಾಗ ಎರಡೂ ಕೈಯಲ್ಲಿ ಅಂಚು ಹಿಡಿದು ಎತ್ತುತ್ತೇನೆ. ರಾಶಿಯ ನಡುವಿನಿಂದ ಎಳೆಯುವುದಿಲ್ಲ. ಮೇಲಿನವನ್ನೆಲ್ಲ ಎತ್ತಿಟ್ಟು ಬೇಕಾದದ್ದನ್ನು ತೆಗೆಯುತ್ತೇನೆ, ಎರಡರ ನಡುವೆ ತೆಳು ಟಿಶ್ಯೂ ಕಾಗದ ಇರಲೇಬೇಕು. ಗ್ಲೌಸ್ ವಿಷಯದಲ್ಲಿ ಮೊದಲು ಹತ್ತಿಯದು ಹಾಕುತ್ತಿದ್ದೆ. ಬೆರಳ ತುದಿ ಸಡಿಲ, ಹಿಡಿತ ಸಿಗದೆ ಇನ್ನೂ ಜಾಸ್ತಿ ಒತ್ತುತ್ತಿದ್ದೆ, ಮೇಲೆ ನೂಲಿನ ಎಳೆ ಬೇರೆ ಉದುರುತ್ತಿತ್ತು. ಈಗ ಬಿಗಿಯಾಗಿ ಕೂರುವ, ರಬ್ಬರಿನಂಥ ನೈಟ್ರೈಲ್ ಗ್ಲೌಸ್. ಪೌಡರ್ ಇಲ್ಲದ್ದೇ ಆಗಬೇಕು. ಒಮ್ಮೆ ನೋಡದೆ ಪೌಡರ್ ಇದ್ದದ್ದು ಹಾಕಿಕೊಂಡು, ಕಪ್ಪು ಬೋರ್ಡಿನ ತುಂಬ ಬಿಳಿ ಬೆರಳು ಮೂಡಿಸಿದ್ದೇನೆ.

ಕಟ್ ಮಾಡುವಾಗ ಬೋರ್ಡಿನ ಮುಖ ಕೆಳಗಿರುತ್ತದೆ. ಅಳತೆ, ಪೆನ್ಸಿಲ್ ಗೆರೆ, ಕಟ್ಟರಿನ ಪಟ್ಟಿಯ ಒತ್ತಡ ಎಲ್ಲ ಬೆನ್ನಿಗೇ. ಹಾಗಾಗಿ ನಿಶ್ಚಿಂತೆ ಅಂದುಕೊಳ್ಳಬೇಡಿ. ಅಡಿಯಲ್ಲಿ ಹಾಸುವ ರಟ್ಟಿನ ಮೇಲೆ ಒಂದು ಸಣ್ಣ ಚೂರು ಉಳಿದಿದ್ದರೂ ಆ ಒತ್ತಡಕ್ಕೆ ಮುಖದಲ್ಲಿ ಗುಂಡಿ ಬೀಳುತ್ತದೆ, ಸರಿಸಿದರೆ ಉದ್ದಕ್ಕೆ ಗೀರು. ಪ್ರತಿ ಕಟ್‌ಗೂ ಮೊದಲು ಬ್ರಷ್ ಆಡಿಸುತ್ತೇನೆ. ಬೋರ್ಡ್ ತಿರುಗಿಸಬೇಕಾದರೆ ಎತ್ತಿ ತಿರುಗಿಸುತ್ತೇನೆ. ಬ್ಲೇಡ್ ಹೊಸದು. ಮೊಂಡು ಬ್ಲೇಡಿನಿಂದ ಕಪ್ಪು ಕಾಗದ ಹರಿದು ಒಳಗಿನ ಬಿಳಿ ಇಣುಕುತ್ತದೆ. ಮೂಲೆಯಲ್ಲಿ ಕಟ್ ಒಂದಿಷ್ಟು ಮುಂದೆ ಹೋಗಿದ್ದರೆ ಚೂಪು ಮಾಡಿದ ಕಪ್ಪು ಬಣ್ಣದ ಪೆನ್ಸಿಲ್ ತುದಿ ಮುಟ್ಟಿಸಿದರೆ ಸಾಕು. ಮಾರ್ಕರ್ ಮಾತ್ರ ಬೇಡ, ಶಾಯಿ ಹರಡಿ ಬೇರೆ ಥರ ಹೊಳೆಯುತ್ತದೆ.

ಕಿಟಕಿಯ ಓರೆಯಾಗಿ ಕಟ್ ಆದ ಅಂಚನ್ನು ನುಣುಪು ಮಾಡುವಾಗ ಮೇಲೊಂದು ಕಾಗದ ಇಟ್ಟೇ ಉಜ್ಜುತ್ತೇನೆ. ಉಪಕರಣ ಜಾರಿ ಮುಖಕ್ಕೆ ತಾಗಿದರೆ ಮುಗೀತು.

ಇಷ್ಟಾದರೂ ಧೂಳು ಕೂರುತ್ತದೆ. ಬಾಯಲ್ಲಿ ಊದುವುದಿಲ್ಲ, ಒಂದು ಹನಿ ಎಂಜಲು ಬಿದ್ದರೂ ಕಲೆ. ರಬ್ಬರ್ ಬುರುಡೆಯ ಬ್ಲೋವರ್ ಸಾಕು. ಹೋಗದ ಎಳೆಗೆ ಮಾಸ್ಕಿಂಗ್ ಟೇಪ್ ತುಂಡನ್ನು ಮೊದಲು ಬಟ್ಟೆಗೆ ಒತ್ತಿ ಅಂಟು ಕಡಿಮೆ ಮಾಡಿಕೊಂಡು, ಎಳೆಗೆ ಮಾತ್ರ ತಾಗಿಸಿ ಎತ್ತುತ್ತೇನೆ. ಹೊಳಪು ಬಂದ ಜಾಗವಾದರೆ ಮೆತ್ತನೆ ಟೂತ್‌ಬ್ರಷ್ಷಿನಿಂದ ಭಾರ ಹಾಕದೆ ಎರಡು ಸಲ ನಾರು ಎಬ್ಬಿಸಿ ನೋಡುತ್ತೇನೆ. ತೆಳು ಗುರುತು ಕೆಲವೊಮ್ಮೆ ಮಾಯವಾಗುತ್ತದೆ. ಇಲ್ಲದಿದ್ದರೆ ಸುಮ್ನೆ ಹೊಸ ಬೋರ್ಡ್. ಹಳೆಯದರಲ್ಲಿ ಸಣ್ಣ ಮೌಂಟ್ ಹುಟ್ಟುತ್ತದೆ.

ಗಾಜಿನ ಬದಲು ಅಕ್ರಿಲಿಕ್ ಇದ್ದರೆ ಇನ್ನೊಂದು ತಲೆನೋವು. ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿದ ಕೂಡಲೇ ಅದು ಸುತ್ತಲಿನ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ, ಒಣಬಟ್ಟೆಯಲ್ಲಿ ಒರೆಸಿದರೆ ಇನ್ನೂ ಜಾಸ್ತಿ. ಅದಕ್ಕೇ ಹಾಳೆಯನ್ನು ಕೊನೆಯ ಗಳಿಗೆಯವರೆಗೂ ಸುಲಿಯುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ದೀಪ ಆರಿಸಿ ಟಾರ್ಚನ್ನು ಗಾಜಿನ ಪಕ್ಕದಿಂದ ಅಡ್ಡಡ್ಡ ಹಿಡಿಯುತ್ತೇನೆ. ನೇರ ಬೆಳಕಿಗೆ ಕಾಣದ್ದೆಲ್ಲ ಆಗ ಎದ್ದು ಕಾಣುತ್ತದೆ. ನಾಲ್ಕೂ ಬದಿಯಿಂದ ನೋಡಿ ಮುಗಿದ ಮೇಲೆಯೇ ಹಿಂಬದಿಗೆ ಟೇಪ್.