ಸಜ್ಜಾದ ಕೆಳಗಿನ ಕಣಜದ ಗೂಡು: ಎರಡು ಸಲ ಸೋತು, ಮೂರನೇ ಸಲ ತೆಗೆದೆ

ಬಚ್ಚಲುಮನೆ ಕಿಟಕಿಯ ಸಜ್ಜಾಕ್ಕೆ ಕಣಜ ಗೂಡು ಕಟ್ಟಿದೆ ಅಂತ ನನಗೆ ಗೊತ್ತಾಗಿದ್ದೇ ತಡವಾಗಿ. ಅದರ ನೇರ ಕೆಳಗೆ ಬಟ್ಟೆ ಒಣಗಿಸುವ ತಂತಿ ಇದೆ. ಒಂದು ಬೆಳಗ್ಗೆ ಒದ್ದೆ ಬೆಡ್‌ಶೀಟ್ ಕೊಡವಿದೆ, ತಲೆ ಮೇಲೆ ಗುಂಯ್ ಅಂತು. ಕತ್ತೆತ್ತಿ ನೋಡಿದರೆ ಅಂಗೈಯಷ್ಟು ಅಗಲದ ಬೂದು ಗೂಡು. ಬಿಚ್ಚಿದ ಪುಟ್ಟ ಕೊಡೆಯ ಹಾಗೆ ಒಂದೇ ಒಂದು ತೊಟ್ಟಿನಿಂದ ನೇತಾಡುತ್ತಿತ್ತು. ಮೇಲೆ ಹತ್ತು ಹನ್ನೆರಡು ಹುಳ ಕೂತಿದ್ದವು. ಕೆಲವರು ಇದನ್ನು ಕಡಜ ಅನ್ನುತ್ತಾರೆ. ಹೆಸರು ಯಾವುದಾದರೂ ಕಚ್ಚಿದರೆ ಉರಿ ಒಂದೇ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಅವತ್ತೇ ಮಧ್ಯಾಹ್ನ, ಸುಡು ಬಿಸಿಲಲ್ಲಿ, ಪ್ಲಾಸ್ಟಿಕ್ ಸ್ಟೂಲ್ ಹತ್ತಿ, ಜೇಡರ ಬಲೆ ತೆಗೆಯುವ ಉದ್ದ ಪೊರಕೆಯಿಂದ ಗೂಡಿಗೆ ಒಂದು ಬಾರಿಸಿದೆ. ಗೂಡು ಅಲ್ಲಾಡಿತೇ ಹೊರತು ಬೀಳಲಿಲ್ಲ. ಮುಂದಿನ ಎರಡು ಸೆಕೆಂಡಿನಲ್ಲಿ ಒಂದು ಹುಳ ಬಂದು ಕಿವಿಗೆ ಕಚ್ಚಿತು. ಕೈಯಿಂದ ಒರೆಸಿಕೊಂಡೆ. ಅದೇ ಹುಳ ಮಣಿಕಟ್ಟಿಗೂ ಕಚ್ಚಿತು. ಸ್ಟೂಲ್‌ನಿಂದ ಹಾರಿದೆ, ಪಾದ ಉಳುಕಿತು. ಕಿವಿಯ ಊತ ಎರಡು ದಿನಕ್ಕೆ ಇಳಿಯಿತು, ಕಾಲು ಮಾತ್ರ ಎರಡು ವಾರ ಕುಂಟಿಸಿತು. ಹಾಗಾಗಿ ಮೊದಲೇ ಹೇಳುತ್ತೇನೆ: ಗೂಡು ತೆಗೆಯೋಕೆ ಏಣಿ ಹತ್ತಬೇಕು ಅನ್ನೋ ಪರಿಸ್ಥಿತಿ ಇದ್ದರೆ ಆ ಕೆಲಸ ನಿಮ್ಮದಲ್ಲ. ಕಚ್ಚಿಸಿಕೊಂಡವನು ಏಣಿ ಮೇಲೆ ಗಟ್ಟಿಯಾಗಿ ನಿಲ್ಲೋಕೆ ಆಗಲ್ಲ.

ಜೇನುಹುಳ ಒಂದು ಸಲ ಕಚ್ಚಿದರೆ ಮುಗಿಯಿತು. ಅದರ ಮುಳ್ಳಿಗೆ ಕೊಕ್ಕೆ ಇರುತ್ತದೆ, ಚರ್ಮದಲ್ಲೇ ಸಿಕ್ಕಿಕೊಂಡು ಹುಳವೇ ಸಾಯುತ್ತದೆ. ಕಣಜದ ಮುಳ್ಳು ಹಾಗೆ ಸಿಕ್ಕಿಕೊಳ್ಳಲ್ಲ. ಚುಚ್ಚುತ್ತದೆ, ತೆಗೆಯುತ್ತದೆ, ಮತ್ತೆ ಚುಚ್ಚುತ್ತದೆ. ಜಸ್ಟಿನ್ ಶ್ಮಿಟ್ ಅನ್ನೋ ಅಮೆರಿಕದ ಕೀಟ ವಿಜ್ಞಾನಿ ತಾವೇ ಕಚ್ಚಿಸಿಕೊಂಡು ನೋವಿಗೆ 4ರವರೆಗೆ ಅಂಕ ಕೊಟ್ಟಿದ್ದರು. ಅವರ ಪಟ್ಟಿಯಲ್ಲಿ ಜೇನಿಗೆ 2, ಒಂದು ಜಾತಿಯ ಕೆಂಪು ಕಣಜಕ್ಕೆ 3. ನನ್ನನ್ನು ಕಚ್ಚಿದ್ದು ಯಾವ ಜಾತಿಯೋ, ನನ್ನ ಕಿವಿಯನ್ನು ಕೇಳಿದ್ದರೆ 3 ಅಂತಲೇ ಹೇಳುತ್ತಿತ್ತು.

ಎರಡನೇ ಸಲ ಸ್ವಲ್ಪ ಬುದ್ಧಿ ಬಂದಿತ್ತು. ಆದರೆ ಸ್ವಲ್ಪವೇ. ಜಿರಳೆಗೆ ಹೊಡೆಯುವ ಸ್ಪ್ರೇ ಡಬ್ಬಿ ಹಿಡಿದು ಸಂಜೆ ಐದಕ್ಕೆ ಹೋದೆ. ಆ ಸ್ಪ್ರೇ ಮಂಜಿನ ಹಾಗೆ ಹರಡುತ್ತದೆ, ದೂರಕ್ಕೆ ಹೋಗಲ್ಲ. ಗಾಳಿ ಬೇರೆ ನನ್ನ ಕಡೆಗೇ ಬೀಸುತ್ತಿತ್ತು. ಎರಡು ಹುಳ ಬಿದ್ದವು. ಉಳಿದವು ಹಾರಿ ಪಕ್ಕದ ಗೋಡೆಗೆ ಕೂತು, ಒಂದು ಗಂಟೆಯಲ್ಲಿ ವಾಪಸ್ ಗೂಡಿಗೆ ಬಂದವು. ಕೆಮ್ಮಿದ್ದು ನಾನೊಬ್ಬನೇ.

ಆಗ ಅಮ್ಮ ಹೇಳಿದರು: "ಹೊಡೆಯೋದು ಆಮೇಲೆ ಇರ್ಲಿ. ಅವು ಯಾವಾಗ ಬರ್ತವೆ, ಯಾವಾಗ ಹೋಗ್ತವೆ, ಒಂದು ವಾರ ಸುಮ್ನೆ ಕೂತು ನೋಡೋ."

ನನಗೆ ಅದು ಕೆಲಸ ಮುಂದೂಡುವ ಮಾತು ಅನ್ನಿಸಿತ್ತು. ಆದರೆ ಕಾಲು ಉಳುಕಿತ್ತಲ್ಲ, ಬೇರೆ ದಾರಿಯೂ ಇರಲಿಲ್ಲ. ತಂತಿಯನ್ನು ಬಿಚ್ಚಿ ಬೇರೆ ಕಡೆ ಕಟ್ಟಿದೆ, ಕಿಟಕಿಯೊಳಗೆ ಕುರ್ಚಿ ಹಾಕಿಕೊಂಡು ಗಾಜಿನ ಹಿಂದಿನಿಂದ ನೋಡುತ್ತಾ ಕೂತೆ. ನಿಜ ಹೇಳಬೇಕೆಂದರೆ ಗೂಡು ಹೋಗಿದ್ದು ಆ ವಾರದಿಂದಲೇ. ಕೊನೆಯ ದಿನ ನಾನು ಮಾಡಿದ್ದು ಹತ್ತು ನಿಮಿಷದ ಕೆಲಸ.

ಬಿಸಿಲೇರಿದ ಮೇಲೆ ಗೂಡಿನಲ್ಲಿ ಮೂರೋ ನಾಲ್ಕೋ ಹುಳ ಮಾತ್ರ ಇರುತ್ತಿದ್ದವು, ಉಳಿದವೆಲ್ಲ ಹೊರಗೆ. ಅಂದರೆ ನಾನು ಮಧ್ಯಾಹ್ನ ಗೂಡು ಕೆಡವಿದ್ದರೂ ಮುಕ್ಕಾಲು ಪಾಲು ಹುಳ ವಾಪಸ್ ಬಂದು ಮತ್ತೆ ಕಟ್ಟುತ್ತಿದ್ದವು. ಕತ್ತಲಾಗುವ ಹೊತ್ತಿಗೆ ಒಂದೊಂದಾಗಿ ಬಂದು ಸೇರಿಕೊಳ್ಳುತ್ತಿದ್ದವು. ಒಂದು ರಾತ್ರಿ ಹದಿನೇಳು ಎಣಿಸಿದೆ. ರಾತ್ರಿ ಅಲ್ಲಾಡುವುದೂ ಕಮ್ಮಿ, ಒಂದರ ಮೇಲೊಂದು ಅಂಟಿದ ಹಾಗೆ ಕೂತಿರುತ್ತಿದ್ದವು.

ಹಳೇ ಮರದ ಗೇಟಿನ ಮೇಲೆ ಒಂದು ಹುಳ ಕೂತು ಹಿಂದಕ್ಕೆ ಸರಿಯುತ್ತಾ ಮರ ಕೆರೆಯುವುದನ್ನೂ ನೋಡಿದೆ. ಕಿವಿ ಹತ್ತಿರ ಇಟ್ಟರೆ ಕರ್ ಕರ್ ಅಂತ ಸದ್ದು ಕೇಳುತ್ತದೆ. ಅದು ಹೋದ ಮೇಲೆ ಗೇಟಿನ ಮೇಲೆ ಉಗುರಿನಲ್ಲಿ ಕೆರೆದಂಥ ತೆಳ್ಳಗಿನ ಬಿಳಿ ಗೆರೆ ಉಳಿದಿತ್ತು. ಆ ಮರದ ಪುಡಿಯನ್ನು ಎಂಜಲಿನಲ್ಲಿ ಅಗಿದು ಗೂಡಿಗೆ ಮೆತ್ತುತ್ತವೆ, ಒಣಗಿದರೆ ಕಾಗದ. ಚಿಂದಿ ಬಟ್ಟೆಯಿಂದ ಕಾಗದ ಮಾಡುತ್ತಿದ್ದ ಕಾಲದಲ್ಲಿ, 1719ರಲ್ಲಿ, ಫ್ರಾನ್ಸಿನ ರೆಯೋಮ್ಯೂರ್ ಎಂಬ ವಿಜ್ಞಾನಿ ಮರದಿಂದಲೂ ಕಾಗದ ಮಾಡಬಹುದು ಅಂದಿದ್ದು ಈ ಹುಳವನ್ನು ನೋಡಿಯೇ. ಇದು ಗೊತ್ತಾದ ಮೇಲೆ ಗೂಡು ಕೆಡವೋಕೆ ಸ್ವಲ್ಪ ಸಂಕಟವಾಯಿತು, ಸುಳ್ಳು ಹೇಳಲ್ಲ.

ತೆಗೆಯಲೇಬೇಕಾ ಅನ್ನೋದನ್ನೂ ಆ ವಾರವೇ ಯೋಚಿಸಿದೆ. ಕಣಜಗಳು ಮರಿಗಳಿಗೆ ತಿನ್ನಿಸುವುದು ಎಲೆ ತಿನ್ನುವ ಹುಳಗಳನ್ನು. ಗಿಡ ಬೆಳೆಸುವವರಿಗೆ ಅವು ಕೂಲಿ ಕೇಳದ ಆಳು. ಗೂಡು ಯಾರೂ ಓಡಾಡದ ಮೂಲೆಯಲ್ಲಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ. ಆದರೆ ಇದು ಕಿಟಕಿಗೆ ಎರಡು ಅಡಿ ದೂರದಲ್ಲಿತ್ತು. ಮನೆಯಲ್ಲಿ ಸಣ್ಣ ಮಗು ಬೇರೆ ಇದೆ. ತೆಗೆಯುವುದೇ ಸರಿ ಅಂದುಕೊಂಡೆ.

ಗೂಡಿನ ಜಾತಿ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಕೋಣೆಗಳು ಬರಿಗಣ್ಣಿಗೆ ಕಾಣುವ, ಮುಚ್ಚಳವಿಲ್ಲದ, ಅಂಗೈಯಷ್ಟರ ಗೂಡು ಮನೆಯವರು ನಿಭಾಯಿಸಬಹುದಾದದ್ದು. ಫುಟ್‌ಬಾಲ್ ಹಾಗೆ ಸುತ್ತಲೂ ಕಾಗದ ಸುತ್ತಿಕೊಂಡು, ಹುಳ ಓಡಾಡೋಕೆ ಒಂದೇ ತೂತು ಇಟ್ಟಿರುವ ಗೂಡು ಬೇರೆ ಲೆಕ್ಕ. ಅದರೊಳಗೆ ನೂರಾರು ಇರಬಹುದು. ಅದನ್ನು ಮುಟ್ಟದೆ, ಅದೇ ಕೆಲಸ ಮಾಡುವವರನ್ನು ಕರೆಸಿ. ಗೋಡೆ ಬಿರುಕಿನೊಳಗೆ, ಸೀಲಿಂಗ್ ಒಳಗೆ ಸೇರಿಕೊಂಡಿದ್ದರೂ ಅಷ್ಟೇ. ಆ ತೂತಿಗೆ ಸಿಮೆಂಟ್ ಮೆತ್ತಿ ಕೂರುವುದು ಇನ್ನೂ ತಪ್ಪು, ಬೇರೆ ದಾರಿ ಕೊರೆದುಕೊಂಡು ಮನೆಯೊಳಗೇ ಬರುತ್ತವೆ. ಜೇನಾಗಿದ್ದರೆ ಕೊಲ್ಲಬೇಡಿ, ಜೇನು ಸಾಕುವವರಿಗೆ ಹೇಳಿದರೆ ತೆಗೆದುಕೊಂಡು ಹೋಗುತ್ತಾರೆ. ಇನ್ನು ಗೋಡೆಗೆ ಮಣ್ಣುಂಡೆ ಮೆತ್ತುವ ಸಪೂರ ಸೊಂಟದ ಹುಳ ಇರುತ್ತದಲ್ವಾ, ಅದು ಒಂಟಿ. ಗೂಡು ಕಾಯೋಕೆ ನಿಲ್ಲಲ್ಲ, ತಾನಾಗಿ ಮೇಲೆ ಬೀಳಲ್ಲ. ಅದನ್ನು ಸುಮ್ನೆ ಬಿಟ್ಟುಬಿಡಿ.

ಸರಿ, ನಾನು ಮಾಡಿದ್ದು ಹೀಗೆ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು. ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪು. ಅದರ ಮೂತಿ ತಿರುಗಿಸಿದರೆ ನೀರು ಹರಡದೆ ನೇರ ಗೆರೆಯಾಗಿ ಚಿಮ್ಮುತ್ತದೆ. ಹಿಂದಿನ ದಿನ ಬೇರೆ ಗೋಡೆಗೆ ಬರೀ ನೀರು ಹೊಡೆದು ಅಭ್ಯಾಸ ಮಾಡಿದೆ. ಹತ್ತು ಅಡಿ ದೂರದಿಂದ ಅಂಗೈಯಗಲದ ಗುರಿಗೆ ತಾಗುವಷ್ಟು ಕೈ ಪಳಗಿತು.

ಸೋಪು ಏನು ಮಾಡುತ್ತದೆ ಅಂದರೆ, ಬರೀ ನೀರು ಹುಳದ ಮೈ ಮೇಲಿಂದ ಜಾರಿಹೋಗುತ್ತದೆ, ಸೋಪಿನ ನೀರು ಅಂಟಿಕೊಳ್ಳುತ್ತದೆ. ಹುಳ ಉಸಿರಾಡುವುದು ಮೈಯ ಪಕ್ಕದಲ್ಲಿರುವ ಸಣ್ಣ ಸಣ್ಣ ತೂತುಗಳಿಂದ. ಸೋಪಿನ ನೀರು ಅಲ್ಲಿಗೆ ಇಳಿದರೆ ಮುಗಿಯಿತು. ರೆಕ್ಕೆಯೂ ಒದ್ದೆಯಾಗಿ ಹಾರೋಕೆ ಆಗಲ್ಲ. ಕಣಜಕ್ಕಂತಲೇ ಮಾಡಿದ, ದೂರಕ್ಕೆ ಚಿಮ್ಮುವ ಸ್ಪ್ರೇಗಳೂ ಇವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಔಷಧಿ ಮೀನಿಗೆ ವಿಷ, ಬೆಕ್ಕಿಗೂ ಒಳ್ಳೆಯದಲ್ಲ. ನಮ್ಮ ಮನೆಯಲ್ಲಿ ಬೆಕ್ಕಿದೆ, ಅದಕ್ಕೇ ಸೋಪು. ಸೀಮೆಎಣ್ಣೆ, ಪೆಟ್ರೋಲು, ಪಂಜು ಹಿಡಿಯುವ ಸಲಹೆಯೂ ನನಗೆ ಬಂದಿತ್ತು. ಒಣ ಕಾಗದದ ಗೂಡಿಗೆ ಬೆಂಕಿ ಇಟ್ಟರೆ ಉರಿಯುವುದು ಗೂಡೊಂದೇ ಅಲ್ಲ.

ದಪ್ಪ ಜೀನ್ಸ್, ಅದರ ತುದಿ ಕಾಲುಚೀಲದೊಳಗೆ. ಎರಡು ಅಂಗಿ. ರಬ್ಬರ್ ಗ್ಲೌಸ್, ಅದರ ಮೇಲೆ ಅಂಗಿಯ ತೋಳು ಎಳೆದು ರಬ್ಬರ್ ಬ್ಯಾಂಡ್. ತಲೆಗೆ ಮುಖ ಮುಚ್ಚುವ ಹೆಲ್ಮೆಟ್, ಕತ್ತಿಗೆ ಟವೆಲ್. ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ನಗು ಬಂತು. ಮಗು ಅಳೋಕೆ ಶುರುಮಾಡಿತು.

ಕತ್ತಲಾಗಿ ಒಂದು ಗಂಟೆ ಕಳೆದ ಮೇಲೆ ಹೋದೆ. ಕಿಟಕಿಗಳನ್ನೆಲ್ಲ ಮುಚ್ಚಿಸಿ, ಒಳಗಿನ ದೀಪ ಆರಿಸಿದ್ದೆ. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿದ್ದೆ, ಕೆಂಪು ಬೆಳಕು ಈ ಹುಳಗಳಿಗೆ ಸರಿಯಾಗಿ ಕಾಣಲ್ಲ. ಟಾರ್ಚನ್ನು ಕೈಯಲ್ಲಿ ಹಿಡಿಯಲಿಲ್ಲ. ನಾಲ್ಕು ಹೆಜ್ಜೆ ಆಚೆ, ಇಟ್ಟಿಗೆ ಮೇಲೆ ಇಟ್ಟೆ. ಮಂಕಾಗಿ ಕಂಡರೂ ಎದ್ದ ಹುಳ ಬೆಳಕಿನ ಕಡೆಗೇ ಹೋಗುತ್ತದೆ. ಬೆಳಕು ನಮ್ಮ ಕೈಯಲ್ಲೇ ಇದ್ದರೆ ನಮ್ಮ ಹತ್ತಿರವೇ ಬರುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಇದೇ.

ಗೂಡಿನ ನೇರ ಕೆಳಗೆ ನಿಲ್ಲದೆ, ಓರೆಯಾಗಿ ನಿಂತು ಹೊಡೆದೆ. ಮೊದಲ ಚಿಮ್ಮಿಗೇ ಪಟಪಟ ಅಂತ ಹುಳ ನೆಲಕ್ಕೆ ಬೀಳುವ ಸದ್ದು. ನಿಲ್ಲಿಸದೆ ಅರ್ಧ ನಿಮಿಷ ಹೊಡೆದೆ. ಎರಡು ಹುಳ ಎದ್ದು ಟಾರ್ಚಿನ ಗಾಜಿಗೆ ಟಕ್ ಟಕ್ ಅಂತ ಡಿಕ್ಕಿ ಹೊಡೆದವು. ಹಿಂದಕ್ಕೆ ನಡೆದುಕೊಂಡು ಬಂದು ಬಾಗಿಲು ಹಾಕಿಕೊಂಡೆ. ಓಡಲಿಲ್ಲ. ಅವತ್ತಿನ ಕೆಲಸ ಅಷ್ಟೇ. ಗೂಡು ಕೆಡವೋದು ಬೆಳಗ್ಗೆ.

ಬೆಳಗ್ಗೆ ಕೋಲಿನಿಂದ ತಳ್ಳಿದರೆ ತೊಟ್ಟು ಮುರಿದು ಗೂಡು ಬಕೆಟ್ಟಿಗೆ ಬಿತ್ತು. ಗ್ಲೌಸ್ ಹಾಕಿಕೊಂಡೇ ಎತ್ತಿ ನೋಡಿದೆ. ತೂಕವೇ ಇಲ್ಲ. ಅರವತ್ತಕ್ಕೂ ಜಾಸ್ತಿ ಆರು ಮೂಲೆಯ ಕೋಣೆಗಳು. ಕೆಲವದರಲ್ಲಿ ತಳಕ್ಕೆ ಅಂಟಿದ ಬಿಳಿ ಮೊಟ್ಟೆ, ಕೆಲವದರಲ್ಲಿ ದಪ್ಪ ಮರಿಹುಳ, ಇನ್ನು ಕೆಲವದಕ್ಕೆ ರೇಷ್ಮೆಯಂಥ ಬಿಳಿ ಮುಚ್ಚಳ. ಬೂದು ಕಾಗದದ ನಡುವೆ ಅಲ್ಲಲ್ಲಿ ತೆಳು ಹಸಿರು ಪಟ್ಟೆ. ನಮ್ಮ ಗೇಟಿನ ಬಣ್ಣ! ತೊಟ್ಟು ಮಾತ್ರ ಕಪ್ಪಗೆ ಹೊಳೆಯುತ್ತಿತ್ತು. ಇರುವೆ ಹತ್ತದ ಹಾಗೆ ಕಣಜ ಅಲ್ಲಿ ಏನೋ ಒಂದು ದ್ರವ ಸವರಿರುತ್ತದೆ. ಎಲ್ಲವನ್ನೂ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿದೆ. ಸತ್ತ ಹಾಗೆ ಕಾಣುವ ಹುಳವನ್ನು ಬರಿಗೈಯಲ್ಲಿ ಎತ್ತಬೇಡಿ, ಸತ್ತ ಮೇಲೂ ಸ್ವಲ್ಪ ಹೊತ್ತು ಅದರ ಮುಳ್ಳು ಚುಚ್ಚಬಲ್ಲದು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಹತ್ತು ಗಂಟೆಗೆ ಮೂರು ಹುಳ ಬಂದು, ಗೂಡಿದ್ದ ಅದೇ ಜಾಗದಲ್ಲಿ ಗೋಡೆಗೆ ಅಂಟಿ ಕೂತವು. ರಾತ್ರಿ ತಪ್ಪಿಸಿಕೊಂಡವೋ, ಹೊರಗೇ ಉಳಿದಿದ್ದವೋ. ಮರುದಿನ ನೋಡಿದರೆ ಹೊಸ ತೊಟ್ಟು, ಅದರ ತುದಿಗೆ ಗುಂಡುಸೂಜಿಯ ತಲೆಯಷ್ಟು ಕಾಗದ. ಅವತ್ತು ರಾತ್ರಿ ಮತ್ತೆ ಸೋಪು. ಬೆಳಗ್ಗೆ ಉದ್ದ ಕೋಲಿಗೆ ಚಪ್ಪಟೆ ತಗಡು ಕಟ್ಟಿ ತೊಟ್ಟಿನ ಬುಡ ಕೆರೆದೆ, ಸೋಪಿನ ನೀರಿನ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದೆ. ಆಮೇಲೆ ಅಲ್ಲಿ ಕಟ್ಟಲಿಲ್ಲ. ಗೇಟಿಗೂ ಬಣ್ಣ ಹೊಡೆಸಿದೆ. ಬಣ್ಣ ಗಟ್ಟಿಯಾಗಿದ್ದರೆ ಕೆರೆಯೋಕೆ ನಾರು ಸಿಗಲ್ಲ.

ಕಚ್ಚಿಸಿಕೊಂಡರೆ ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಗೂಡಿನಿಂದ ದೂರ ಹೋಗಿ, ಸೋಪು ಹಾಕಿ ತೊಳೆಯಿರಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಉಂಗುರ ಇದ್ದರೆ ಊದುವ ಮೊದಲೇ ತೆಗೆಯಿರಿ. ಕೂತ ಹುಳವನ್ನು ಗೂಡಿನ ಹತ್ತಿರ ಚಚ್ಚಬೇಡಿ. ಕೆಲವು ಜಾತಿಗಳಲ್ಲಿ ವಿಷದ ವಾಸನೆಗೇ ಉಳಿದವೂ ಏಳುತ್ತವೆ. ಆದರೆ ಉಸಿರು ಕಟ್ಟಿದ ಹಾಗಾದರೆ, ತುಟಿ ನಾಲಿಗೆ ಊದಿದರೆ, ಮೈತುಂಬ ದದ್ದು ಎದ್ದರೆ, ತಲೆ ಸುತ್ತಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ. ಒಟ್ಟಿಗೆ ತುಂಬಾ ಕಡೆ ಕಚ್ಚಿದರೂ, ಬಾಯಿ ಗಂಟಲಿಗೆ ಕಚ್ಚಿದರೂ ಹಾಗೇ. ಹಿಂದೆ ಒಮ್ಮೆ ಹೀಗೆ ಆಗಿರುವವರು ಈ ಕೆಲಸಕ್ಕೆ ಕೈಯೇ ಹಾಕಬಾರದು.

ಈಗ ತಿಂಗಳಿಗೆ ಎರಡು ಸಲ ಸಜ್ಜಾ, ಮೆಟ್ಟಿಲ ಕೆಳಗೆ, ನೀರಿನ ಟ್ಯಾಂಕಿನ ಪಕ್ಕ ಕತ್ತೆತ್ತಿ ನೋಡುತ್ತೇನೆ. ಐದಾರು ಕೋಣೆ ಇರುವಾಗ ಒಂದೋ ಎರಡೋ ಹುಳ ಇರುತ್ತವೆ, ಅವು ಹೊರಗೆ ಹೋದಾಗ ಉದ್ದ ಕೋಲಿನಿಂದ ತಳ್ಳಿದರೆ ಆಯಿತು. ಹಿತ್ತಲ ಶೆಡ್ಡಿನ ಮೂಲೆಯಲ್ಲಿ ಮಾತ್ರ ಒಂದು ಗೂಡು ಹಾಗೇ ಬಿಟ್ಟಿದ್ದೇನೆ. ಅಲ್ಲಿ ಯಾರೂ ಹೋಗಲ್ಲ. ನಿನ್ನೆ ಒಂದು ಕಣಜ ಹಸಿರು ಹುಳವನ್ನು ಅಗಿದು ಉಂಡೆ ಮಾಡಿಕೊಂಡು ಅತ್ತ ಹಾರಿತು. ಗೇಟು ಬಿಟ್ಟಿದೆ, ಈಗ ಶೆಡ್ಡಿನ ಬಾಗಿಲು ಕೆರೆಯುತ್ತಿದೆ.